ಕರೆಯದೆ ಬಂದ ಲೈಬ್ರರಿ

2018ರಲ್ಲಿ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಸಿಕ್ಕಿದೆ ಅಂದಾಗ ನಮ್ಮೂರಲ್ಲಿ ಎಲ್ಲರೂ ನಾನು ಪ್ಯಾನೆಲ್ ಕೂರಿಸುವ ಗುತ್ತಿಗೆ ಹಿಡಿದಿದ್ದೇನೆ ಅಂದುಕೊಂಡರು. ನಮ್ಮದು ಕೊರಟಗೆರೆ ತಾಲ್ಲೂಕು. ಮಧುಗಿರಿ, ಮಿಡಿಗೇಶಿ ದಾಟಿ ಪಾವಗಡಕ್ಕೆ ಹೋಗುವ ಬಸ್ಸುಗಳಲ್ಲಿ ಆ ವರ್ಷ ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತವರೇ ಹೆಚ್ಚು. ನನ್ನ ಬ್ಯಾಗಿನಲ್ಲಿ ಇರುತ್ತಿದ್ದದ್ದು ಲ್ಯಾಪ್‌ಟಾಪು, ಪೆನ್‌ಡ್ರೈವು, ಅಮ್ಮ ಕಟ್ಟಿಕೊಟ್ಟ ಹುರಿದ ಕಡಲೇಕಾಯಿ. ಮಾಡಬೇಕಾಗಿದ್ದ ಕೆಲಸ, ಸಿ ಭಾಷೆಯಲ್ಲಿ ಪೈಥಾನ್‌ಗೆ ಒಂದು ಎಕ್ಸ್‌ಟೆನ್ಶನ್ ಬರೆಯುವುದು. ಇದನ್ನು ಪಕ್ಕದ ಸೀಟಿನವರಿಗೆ ವಿವರಿಸುವ ಪ್ರಯತ್ನವನ್ನು ಬೇಗನೇ ಕೈಬಿಟ್ಟೆ. “ಸೋಲಾರಿನಲ್ಲಿ ಕಂಪ್ಯೂಟರ್ ಕೆಲಸ” ಅಂದರೆ ಅವರಿಗೂ ಸಾಕಾಗುತ್ತಿತ್ತು, ನನಗೂ ಸಾಕಾಗುತ್ತಿತ್ತು.

ಪಾರ್ಕು ಆಗಿನ್ನೂ ಅರ್ಧಂಬರ್ಧ. ಆ ವರ್ಷದ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದು ಉದ್ಘಾಟಿಸಿ ಹೋಗಿದ್ದರು. ‘ಶಕ್ತಿಸ್ಥಳ’ ಎಂದು ಹೆಸರಾಗಿತ್ತು. ಆದರೆ 2,050 ಮೆಗಾವ್ಯಾಟ್ ಪೂರ್ತಿಯಾಗಲು 2019ರ ಕೊನೆ ಬರಬೇಕಾಯಿತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ನೆಲ. ಸರ್ಕಾರ ಇದನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ನಾನು ಕೂರುತ್ತಿದ್ದ ಕಂಟ್ರೋಲ್ ರೂಮಿನ ಗೇಟಿನಲ್ಲಿದ್ದ ವಾಚ್‌ಮನ್ ಕೂಡ ಜಮೀನು ಕೊಟ್ಟವರೇ. ಒಂದು ಕಾಲದಲ್ಲಿ ಕಡಲೇಕಾಯಿ ಬಿತ್ತುತ್ತಿದ್ದ ನೆಲಕ್ಕೆ ಈಗ ಅವರೇ ಕಾವಲು. ಮಧ್ಯಾಹ್ನವಾದರೆ “ಏಮ್ ಸಾರ್, ತಿಂಟಿರಾ?” ಎಂದು ತೆಲುಗಿನಲ್ಲಿ ಕೇಳಿ, ನಾನು “ಆಯ್ತು ಯಜಮಾನ್ರೇ, ನಿಮ್ಮದು?” ಎಂದರೆ ಕನ್ನಡಕ್ಕೆ ಹೊರಳುತ್ತಿದ್ದರು. ಪಾವಗಡದಲ್ಲಿ ಮಾತು ಹಾಗೆಯೇ. ಸುತ್ತ ಬಹುಪಾಲು ಆಂಧ್ರ. ನನ್ನ ಮೊಬೈಲು ಕೂಡ ಆಗಾಗ ಗಡಿಯಾಚೆಯ ಟವರನ್ನು ಹಿಡಿದುಕೊಂಡು, ಇಂಟರ್‌ನೆಟ್ಟು ಕೇಳಿದರೆ ಸುಮ್ಮನಾಗಿಬಿಡುತ್ತಿತ್ತು.

ಇಂಟರ್‌ನೆಟ್ ಇಲ್ಲದ್ದು ಈ ಕತೆಯಲ್ಲಿ ಮುಖ್ಯ. ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ಭದ್ರತೆಯ ಕಾರಣಕ್ಕೆ ಹೊರಗಿನ ಸಂಪರ್ಕವೇ ಇರಲಿಲ್ಲ.

ಕೆಲಸ ಹೀಗಿತ್ತು. ಬಿಸಿಲು ಎಷ್ಟು ಬಿತ್ತು ಎಂಬುದನ್ನು ಅಳೆಯುವ ಪೈರನೊಮೀಟರ್ ಒಂದು ಕಂಬದ ಮೇಲಿರುತ್ತದೆ. ಅಷ್ಟು ಬಿಸಿಲಿಗೆ ಎಷ್ಟು ವಿದ್ಯುತ್ ಬರಬೇಕಿತ್ತು, ಇನ್ವರ್ಟರ್‌ಗಳಿಂದ ನಿಜವಾಗಿ ಎಷ್ಟು ಬಂತು, ಇವೆರಡರ ಅನುಪಾತವನ್ನು ಪರ್ಫಾರ್ಮೆನ್ಸ್ ರೇಶಿಯೊ ಅನ್ನುತ್ತಾರೆ. ಸೋಲಾರಿನವರ ಬಾಯಲ್ಲಿ ಅದು ಬರೀ ‘ಪಿಆರ್’. ಪ್ಯಾನೆಲ್ ಮೇಲೆ ಧೂಳು ಕೂತರೂ ಪಿಆರ್ ಇಳಿಯುತ್ತದೆ, ಒಂದು ಸಾಲಿನ ಫ್ಯೂಸ್ ಹೋದರೂ ಇಳಿಯುತ್ತದೆ. ಅದನ್ನು ಕೂಡಲೇ ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ ಪೈಥಾನ್ 3.6ರಲ್ಲಿ ಆಗಲೇ ತಯಾರಿತ್ತು. ತೊಡಕಿದ್ದದ್ದು ಅಂಕಿಅಂಶ ಹಿಡಿದಿಡುವ ಡೇಟಾ ಲಾಗರ್ ಎಂಬ ಡಬ್ಬದಲ್ಲಿ. ಅದನ್ನು ಮಾರಿದ ಕಂಪನಿ ಅದರೊಳಗಿನದನ್ನು ಓದಲು ಕೊಟ್ಟಿದ್ದು ಒಂದು ಸಿ ಹೆಡರ್ ಫೈಲು, ಒಂದು ಸ್ಟ್ಯಾಟಿಕ್ ಲೈಬ್ರರಿ, ಅಷ್ಟೇ. ಡಿಎಲ್‌ಎಲ್ ಕೊಟ್ಟಿದ್ದರೆ ಪೈಥಾನಿನಿಂದಲೇ ಅದನ್ನು ನೇರವಾಗಿ ಕರೆಯಬಹುದಿತ್ತು. ಸ್ಟ್ಯಾಟಿಕ್ ಲೈಬ್ರರಿಯನ್ನು ಹಾಗೆ ಕರೆಯಲು ಬಾರದು. ನಡುವೆ ಒಂದು ಸಿ ಎಕ್ಸ್‌ಟೆನ್ಶನ್ ಬರೆದು ಅದರೊಳಗೆ ಈ ಲೈಬ್ರರಿಯನ್ನು ಸೇರಿಸಲೇಬೇಕು.

ಬರೆಯುವುದು ದೊಡ್ಡ ವಿಷಯವಾಗಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಆಯಿತು. ಲಿಂಕ್ ಮಾಡುವಾಗ ಕೆಂಪು ಸಾಲು ಬಂತು: ‘ಎಲ್‌ಎನ್‌ಕೆ 1104, ಪೈಥಾನ್36_ಡಿ.ಲಿಬ್ ಫೈಲನ್ನು ತೆರೆಯಲು ಆಗುತ್ತಿಲ್ಲ’.

ನಾನು ಅಂಥ ಫೈಲನ್ನು ಕೇಳಿಯೇ ಇರಲಿಲ್ಲ. ಪ್ರಾಜೆಕ್ಟಿನ ಸೆಟ್ಟಿಂಗ್ಸ್‌ನಲ್ಲಿ ಲಿಂಕರ್‌ಗೆ ಕೊಟ್ಟ ಲೈಬ್ರರಿಗಳ ಪಟ್ಟಿಯಲ್ಲಿ ಇದ್ದದ್ದು ಪೈಥಾನ್36.ಲಿಬ್, ಬಾಲ ಇಲ್ಲದ್ದು. ಅದನ್ನು ತೆಗೆದು ನೋಡಿದೆ, ಅದೇ ಎರರ್. ಹಾಕಿ ನೋಡಿದೆ, ಅದೇ ಎರರ್. ನನ್ನ ಕೋಡಿನಲ್ಲಿ ಆ ಹೆಸರನ್ನು ಹುಡುಕಿದರೆ ಎಲ್ಲೂ ಇಲ್ಲ. ಲಾಗರ್ ಕಂಪನಿಯ ಹೆಡರಿನಲ್ಲೂ ಇಲ್ಲ.

ಓದುಗರಿಗೆ ಲಿಂಕ್ ಮಾಡುವುದು ಅಂದರೆ ಏನೆಂದು ಒಂದೆರಡು ಮಾತಿನಲ್ಲಿ ಹೇಳಬೇಕು. ಕಂಪೈಲರ್ ನಾವು ಬರೆದದ್ದನ್ನು ಯಂತ್ರಭಾಷೆಗೆ ಇಳಿಸಿ ಆಬ್ಜೆಕ್ಟ್ ಫೈಲ್ ಮಾಡುತ್ತದೆ. ಅದರಲ್ಲಿ ನಾವು ಬರೆಯದ, ಬೇರೆಯವರು ಬರೆದಿಟ್ಟ ಫಂಕ್ಷನ್‌ಗಳ ಜಾಗ ಖಾಲಿ ಉಳಿದಿರುತ್ತದೆ. ಆ ಖಾಲಿ ಜಾಗಗಳನ್ನು ಲೈಬ್ರರಿಗಳಲ್ಲಿ ಹುಡುಕಿ ತುಂಬುವವನೇ ಲಿಂಕರ್. ಯಾವ ಲೈಬ್ರರಿಯಲ್ಲಿ ಹುಡುಕಬೇಕು ಎಂದು ನಾವು ಹೇಳಬೇಕು. ಮಧುಗಿರಿಯಲ್ಲಿ ಪಿಯುಸಿ ಓದುವಾಗ ಟರ್ಬೊ ಸಿಯ ನೀಲಿ ಪರದೆಯಲ್ಲಿ ನಾವು ಕಲಿತದ್ದು ಇದನ್ನೇ. ಒಂದು ವೃತ್ತ ಬಿಡಿಸಲು ಹೋದರೆ ‘ಅನ್‌ಡಿಫೈನ್ಡ್ ಸಿಂಬಲ್ _ಇನಿಟ್‌ಗ್ರಾಫ್’ ಎಂದು ಬರುತ್ತಿತ್ತು. “ಆಪ್ಷನ್ಸು, ಲಿಂಕರು, ಲೈಬ್ರರೀಸು... ಗ್ರಾಫಿಕ್ಸ್‌ಗೆ ಟಿಕ್ ಹಾಕ್ರೋ” ಎಂದು ಮೇಷ್ಟ್ರು ಕೂತಲ್ಲಿಂದಲೇ ಕೂಗುತ್ತಿದ್ದರು. ಟಿಕ್ ಹಾಕಿದರೆ ಓಡುತ್ತಿತ್ತು. ಏನು ಕೇಳಿದೆವು, ಏನು ಬಂತು, ಎರಡೂ ಕಣ್ಣ ಮುಂದೆಯೇ.

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಇದಕ್ಕೆ ಇನ್ನೊಂದು ಮುಖ ಕಂಡಿತ್ತು, ಆದರೆ ಆಗ ಗಮನಿಸಲಿಲ್ಲ. ವಿಟಿಯು ಸಿಲಬಸ್‌ನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಇತ್ತು, ಓಪನ್‌ಜಿಎಲ್‌ನಲ್ಲಿ ಪ್ರೋಗ್ರಾಂ ಬರೆಯಬೇಕು. ಲ್ಯಾಬಿನ ಒಂದು ಸಾಲು ಲಿನಕ್ಸ್, ಇನ್ನೊಂದು ಸಾಲು ವಿಂಡೋಸ್. ಲಿನಕ್ಸ್ ಸಾಲಿಗೆ ಬಿದ್ದವರು ಕಮಾಂಡಿನ ಕೊನೆಯಲ್ಲಿ ಗ್ಲಟ್, ಜಿಎಲ್‌ಯು, ಜಿಎಲ್ ಎಂದು ಮೂರು ಲೈಬ್ರರಿಗಳ ಹೆಸರನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಹೊಡೆಯಬೇಕಿತ್ತು. ವಿಂಡೋಸ್ ಸಾಲಿನವರಿಗೆ ಆ ಕಾಟವೇ ಇಲ್ಲ, ಹೆಡರ್ ಸೇರಿಸಿದರೆ ತಾನಾಗಿಯೇ ಓಡುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ವಿಂಡೋಸ್ ಸಾಲಿನಲ್ಲಿ ಜಾಗ ಹಿಡಿಯಲು ತಳ್ಳಾಟ. ಗ್ಲಟ್‌ನ ಹೆಡರ್ ಫೈಲಿನಲ್ಲೇ ‘ಈ ಈ ಲೈಬ್ರರಿಗಳನ್ನು ತೆಗೆದುಕೋ’ ಎಂದು ಮೈಕ್ರೊಸಾಫ್ಟ್ ಕಂಪೈಲರಿಗೆ ಬರೆದಿಟ್ಟಿರುತ್ತಾರೆ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಓಡುತ್ತಿರುವ ಪ್ರೋಗ್ರಾಮನ್ನು ಯಾಕೆ ಓಡುತ್ತಿದೆ ಎಂದು ಕೇಳುವ ವಿದ್ಯಾರ್ಥಿ ಇಂಟರ್ನಲ್ಸ್ ಮಾರ್ಕ್ಸ್ ಬಗ್ಗೆ ಯೋಚಿಸದವನಾಗಿರಬೇಕು.

ತಿರುಮಣಿಯ ಆ ಕಂಟ್ರೋಲ್ ರೂಮಿನಲ್ಲಿ ಕೇಳುವುದು ಅನಿವಾರ್ಯವಾಯಿತು. ಮೈಕ್ರೊಸಾಫ್ಟ್ ಕಂಪೈಲರ್ ಜೊತೆಯಲ್ಲಿ ಡಂಪ್‌ಬಿನ್ ಎಂಬ ಸಾಧನವೊಂದು ಬರುತ್ತದೆ. ಆಬ್ಜೆಕ್ಟ್ ಫೈಲಿನ ಹೊಟ್ಟೆಯೊಳಗೆ ಏನಿದೆ ಎಂದು ಅದು ತೋರಿಸುತ್ತದೆ. ಅದಕ್ಕೆ ‘ಡೈರೆಕ್ಟಿವ್ಸ್’ ಎಂಬ ಆಯ್ಕೆ ಕೊಟ್ಟು ನನ್ನದೇ ಆಬ್ಜೆಕ್ಟ್ ಫೈಲನ್ನು ತೆರೆದೆ. ಕಪ್ಪು ಪರದೆಯ ಮೇಲೆ ‘ಲಿಂಕರ್ ಡೈರೆಕ್ಟಿವ್ಸ್’ ಎಂಬ ತಲೆಬರಹ, ಕೆಳಗೆ ಒಂದು ಅಡ್ಡಗೆರೆ, ಅದರ ಕೆಳಗೆ ಸಾಲುಗಳು. ‘ಡೀಫಾಲ್ಟ್‌ಲಿಬ್: ಪೈಥಾನ್36_ಡಿ.ಲಿಬ್’. ‘ಡೀಫಾಲ್ಟ್‌ಲಿಬ್: ಎಂಎಸ್‌ವಿಸಿಆರ್‌ಟಿಡಿ’. ‘ಡೀಫಾಲ್ಟ್‌ಲಿಬ್: ಓಲ್ಡ್‌ನೇಮ್ಸ್’. ಇವುಗಳಲ್ಲಿ ಒಂದನ್ನೂ ನಾನು ಬರೆದಿರಲಿಲ್ಲ. ಆದರೂ ನನ್ನ ಫೈಲಿನೊಳಗೆ, ನನ್ನ ಪರವಾಗಿ, ಲಿಂಕರಿಗೆ ಚೀಟಿ ಬರೆದಿಟ್ಟಾಗಿತ್ತು. ಮದುವೆ ಮನೆಯವರನ್ನು ಒಂದು ಮಾತೂ ಕೇಳದೆ ಸೋದರಮಾವ ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟು ಬಂದ ಹಾಗೆ.

ಈ ಸೋದರಮಾವ ಯಾರೆಂದು ಪೈಥಾನಿನ ಇನ್‌ಕ್ಲೂಡ್ ಫೋಲ್ಡರಿನಲ್ಲಿ ಹುಡುಕಿದರೆ ಸಿಕ್ಕಿದ್ದು ಪೈಕಾನ್ಫಿಗ್.ಎಚ್. ಎಕ್ಸ್‌ಟೆನ್ಶನ್ ಬರೆಯುವವರೆಲ್ಲ ಸೇರಿಸುವ ಪೈಥಾನ್.ಎಚ್ ಇದನ್ನು ಒಳಗಿಂದಲೇ ಎಳೆದುಕೊಳ್ಳುತ್ತದೆ. ಅಲ್ಲಿ ‘ಪ್ರಾಗ್ಮಾ ಕಾಮೆಂಟ್’ ಎಂಬ ಸಾಲುಗಳಿವೆ. ಮೈಕ್ರೊಸಾಫ್ಟ್ ಕಂಪೈಲರ್ ಆದರೆ, ಡೀಬಗ್ ಬಿಲ್ಡ್ ಆಗಿದ್ದರೆ ಪೈಥಾನ್36_ಡಿ.ಲಿಬ್ ತೆಗೆದುಕೋ. ಹಲವು ಆವೃತ್ತಿಗಳಿಗೆ ಒಂದೇ ಬಿಲ್ಡ್ ಸಾಕು ಎಂಬ ಸೀಮಿತ ಎಪಿಐ ಬಳಸುತ್ತಿದ್ದರೆ ಪೈಥಾನ್3.ಲಿಬ್ ತೆಗೆದುಕೋ. ಎರಡೂ ಅಲ್ಲದಿದ್ದರೆ ಪೈಥಾನ್36.ಲಿಬ್. ಮೇಲೊಂದು ಟಿಪ್ಪಣಿಯೂ ಇದೆ, ವಿಷುಯಲ್ ಸಿ ಬಳಸುವವರು ಲೈಬ್ರರಿಯ ಹೆಸರನ್ನು ತಮ್ಮ ಮೇಕ್‌ಫೈಲಿನಲ್ಲಿ ಬರೆಯುವ ತೊಂದರೆ ತಪ್ಪಲಿ ಎಂಬ ಅರ್ಥದ್ದು. ಉಪಕಾರದ ಉದ್ದೇಶವೇ. ಉಪಕಾರ ಮಾಡಿದ್ದು ಗೊತ್ತಾಗದಷ್ಟು ಸದ್ದಿಲ್ಲದೆ ಮಾಡಿದ್ದರು, ಅಷ್ಟೇ.

ನಾನು ಡೀಬಗ್ ಬಿಲ್ಡ್ ಮಾಡಿದ್ದಕ್ಕೂ ಕಾರಣವಿತ್ತು. ಲಾಗರ್ ಕಂಪನಿಯ ಲೈಬ್ರರಿಯನ್ನು ಅದೇ ಡಂಪ್‌ಬಿನ್‌ಗೆ ಕೊಟ್ಟರೆ ಅದರೊಳಗೂ ಎಂಎಸ್‌ವಿಸಿಆರ್‌ಟಿಡಿ ಎಂಬ ಚೀಟಿ. ಅದು ಮೈಕ್ರೊಸಾಫ್ಟ್ ರನ್‌ಟೈಮಿನ ಹೆಸರು, ಕೊನೆಯ ‘ಡಿ’ ಅಂದರೆ ಡೀಬಗ್. ಅವರು ತಮ್ಮ ಪರೀಕ್ಷೆಗೆಂದು ಮಾಡಿಕೊಂಡ ಪ್ರತಿಯನ್ನೇ ಸಿಡಿಗೆ ಹಾಕಿ ಕೊಟ್ಟುಬಿಟ್ಟಿದ್ದರು. ರಿಲೀಸ್ ಬಿಲ್ಡ್ ಮಾಡಿದರೆ ಅವರ ಲೈಬ್ರರಿ ಡೀಬಗ್ ರನ್‌ಟೈಮ್ ಬೇಕು ಎಂದು ತಕರಾರು ತೆಗೆಯುತ್ತಿತ್ತು. ಅದಕ್ಕೆ ಹೊಂದಲೆಂದು ನಾನು ಡೀಬಗ್ ರನ್‌ಟೈಮ್ ಆರಿಸಿದೆ. ಅದನ್ನು ಆರಿಸಿದ ಕೂಡಲೇ ಕಂಪೈಲರ್ ‘ಡೀಬಗ್’ ಎಂಬ ಗುರುತನ್ನು ತಾನೇ ಹಚ್ಚಿತು. ಗುರುತು ಕಂಡ ಪೈಥಾನ್ ಹೆಡರ್ ತನ್ನ ಡೀಬಗ್ ಲೈಬ್ರರಿಯನ್ನು ಕೇಳಿತು. ಒಂದಕ್ಕೊಂದು ಕೊಂಡಿ. ನಾನು ಮುಟ್ಟಿದ್ದು ಮೊದಲನೆಯದನ್ನು ಮಾತ್ರ, ಎರರ್ ಬಂದದ್ದು ಕೊನೆಯದರಲ್ಲಿ.

ಪೈಥಾನ್36_ಡಿ.ಲಿಬ್ ಎಲ್ಲಿ ಸಿಗುತ್ತದೆ? ಪೈಥಾನ್ 3.5ರಿಂದೀಚೆಗೆ ಇನ್‌ಸ್ಟಾಲರಿನಲ್ಲಿ ‘ಡೀಬಗ್ ಬೈನರಿಗಳನ್ನು ಡೌನ್‌ಲೋಡ್ ಮಾಡು’ ಎಂಬ ಚೌಕವೊಂದಿದೆ. ತಾನಾಗಿ ಟಿಕ್ ಆಗಿರುವುದಿಲ್ಲ. ಹೆಸರೇ ಹೇಳುವಂತೆ ಅದಕ್ಕೆ ಇಂಟರ್‌ನೆಟ್ ಬೇಕು. ಹಾಗಾಗಿ ಶಿರಾಕ್ಕೆ ಹೊರಟೆ. ಹೆದ್ದಾರಿಯ ಪಕ್ಕದ ಊರು, ಆಗಲೇ ಒಳ್ಳೆಯ ಬ್ರಾಡ್‌ಬ್ಯಾಂಡ್ ಇತ್ತು. ಪಿಯುಸಿ ಗೆಳೆಯನೊಬ್ಬ ಅಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಹಗಲು ಟ್ಯಾಲಿ ಕಲಿಸುವುದು, ಆನ್‌ಲೈನ್ ಅರ್ಜಿ ತುಂಬಿಕೊಡುವುದು ಅವನ ಕಸುಬು. “ಬಾರೋ, ಎಷ್ಟು ಜಿಬಿ ಬೇಕೋ ಇಳಿಸ್ಕೊ. ಸಂಜೆ ಮೇಲೆ ಲೈನ್ ಖಾಲಿ ಇರುತ್ತೆ ಕಣೋ” ಅಂದ. ವಿಷುಯಲ್ ಸ್ಟುಡಿಯೊ, ಪೈಥಾನ್ ಎಲ್ಲವನ್ನೂ ಅವನ ಕಂಪ್ಯೂಟರಿನಲ್ಲೇ ಹಾಕಿದೆವು.

ಡೀಬಗ್ ಲೈಬ್ರರಿ ಸಿಕ್ಕಿತು, ಲಿಂಕ್ ಆಯಿತು. ಮಾಮೂಲಿ ಪೈಥಾನಿನಲ್ಲಿ ಇಂಪೋರ್ಟ್ ಮಾಡಿದರೆ ಇಡೀ ಪ್ರೋಗ್ರಾಂ ಬಿದ್ದುಹೋಯಿತು. ‘ಫೇಟಲ್ ಪೈಥಾನ್ ಎರರ್: ಪೈಥ್ರೆಡ್‌ಸ್ಟೇಟ್_ಗೆಟ್: ನೋ ಕರೆಂಟ್ ಥ್ರೆಡ್’. ಇದನ್ನು ಓದಿದ ಗೆಳೆಯ “ಕರೆಂಟ್ ಇಲ್ವಂತೆ ನೋಡೋ, ಸೋಲಾರಿಗೆ ಬಂದು” ಎಂದು ನಕ್ಕ. ಆದದ್ದೇನೆಂದರೆ, ಓಡುತ್ತಿದ್ದ ಪೈಥಾನ್ ಒಂದು, ನನ್ನ ಎಕ್ಸ್‌ಟೆನ್ಶನ್ ಜೊತೆಗೆ ಕರೆತಂದ ಡೀಬಗ್ ಪೈಥಾನ್ ಇನ್ನೊಂದು. ಒಂದೇ ಪ್ರೋಗ್ರಾಮಿನೊಳಗೆ ಎರಡು ಪೈಥಾನ್. ಎರಡನೆಯದು ಎಚ್ಚರವೇ ಆಗಿರಲಿಲ್ಲ, ನನ್ನ ಮಾಡ್ಯೂಲು ಮಾತಾಡಿಸಲು ಹೋದದ್ದು ಅದನ್ನೇ. ಸರಿ, ಡೀಬಗ್ ಪೈಥಾನಿನಲ್ಲೇ ಓಡಿಸೋಣ ಎಂದರೆ ಅದು ಹೆಸರಿನ ಕೊನೆಯಲ್ಲಿ _ಡಿ ಇರುವ ಮಾಡ್ಯೂಲುಗಳನ್ನು ಮಾತ್ರ ಒಪ್ಪುತ್ತದೆ. ನಮ್ಮ ಲೆಕ್ಕಕ್ಕೆಲ್ಲ ಆಧಾರವಾಗಿದ್ದ ನಮ್‌ಪೈ ಹಾಗೆ ಸಿಗುವುದಿಲ್ಲ.

ಇದಕ್ಕೊಂದು ಹಳೆಯ ಉಪಾಯವಿದೆ. ಪೈಥಾನ್.ಎಚ್ ಸೇರಿಸುವ ಮೊದಲು ಡೀಬಗ್ ಗುರುತನ್ನು ಅಳಿಸಿ, ಸೇರಿಸಿದ ಮೇಲೆ ಮತ್ತೆ ಹಚ್ಚುವುದು. ಹೆಡರ್ ಮೋಸ ಹೋಗಿ ಮಾಮೂಲಿ ಪೈಥಾನ್36.ಲಿಬ್ ಕೇಳುತ್ತದೆ. ಸಿ ಭಾಷೆಯ ಬೇರೆ ಹೆಡರುಗಳನ್ನೆಲ್ಲ ಅದಕ್ಕಿಂತ ಮೊದಲೇ ಸೇರಿಸಿಕೊಂಡಿರಬೇಕು, ಇಲ್ಲವಾದರೆ ಅವೂ ಮೋಸ ಹೋಗುತ್ತವೆ. ಬೂಸ್ಟ್.ಪೈಥಾನ್‌ನಂಥ ದೊಡ್ಡ ಲೈಬ್ರರಿಯೇ ಇದಕ್ಕಾಗಿ ಪ್ರತ್ಯೇಕ ಹೆಡರ್ ಇಟ್ಟುಕೊಂಡಿದೆ ಎಂದ ಮೇಲೆ ಎಷ್ಟು ಜನ ಈ ಹಳ್ಳಕ್ಕೆ ಬಿದ್ದಿರಬಹುದು ನೋಡಿ. ಶಿರಾದಲ್ಲಿ ಓಡಿತು. ಬಸ್ ಸ್ಟ್ಯಾಂಡ್ ಹತ್ತಿರ ಇಬ್ಬರೂ ಹೊಟ್ಟೆ ತುಂಬ ಬಿರಿಯಾನಿ ತಿಂದೆವು.

ಪಾವಗಡದಲ್ಲಿ ಓಡಲಿಲ್ಲ. ‘ಡಿಎಲ್‌ಎಲ್ ಲೋಡ್ ಆಗಲಿಲ್ಲ, ನಿಗದಿತ ಮಾಡ್ಯೂಲ್ ಸಿಗಲಿಲ್ಲ’ ಎಂಬ ಅರ್ಥದ ಒಂದು ಸಾಲು. ಯಾವ ಡಿಎಲ್‌ಎಲ್, ಯಾವ ಮಾಡ್ಯೂಲ್, ಒಂದೂ ಹೇಳಲಿಲ್ಲ. ಈ ಸಂದೇಶ ಬರೆದವರು ಒಂದು ಹೆಸರನ್ನು ಸೇರಿಸಿದ್ದರೆ ಜಗತ್ತಿನಲ್ಲಿ ಎಷ್ಟು ಜನರ ಸಂಜೆಗಳು ಉಳಿಯುತ್ತಿದ್ದವೋ. ಮತ್ತೆ ಡಂಪ್‌ಬಿನ್. ಸಿಗದಿದ್ದದ್ದು ಮೈಕ್ರೊಸಾಫ್ಟಿನ ಡೀಬಗ್ ರನ್‌ಟೈಮ್ ಫೈಲುಗಳು. ಅವು ವಿಷುಯಲ್ ಸ್ಟುಡಿಯೊ ಇರುವ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತವೆ, ಬೇರೆ ಕಡೆ ಹಂಚಲು ಲೈಸೆನ್ಸ್ ಒಪ್ಪುವುದಿಲ್ಲ. ಶಿರಾದ ಕಂಪ್ಯೂಟರಿನಲ್ಲಿ ಇದ್ದವು, ಕಂಟ್ರೋಲ್ ರೂಮಿನದರಲ್ಲಿ ಇರಲಿಲ್ಲ.

ಇನ್ನು ಉಪಾಯಗಳಿಂದ ಆಗುವುದಿಲ್ಲ ಎಂದು ಲಾಗರ್ ಕಂಪನಿಗೆ ಫೋನ್ ಮಾಡಿದೆ. “ನಿಮ್ಮ ಕಡೆ ಏನೋ ಪ್ರಾಬ್ಲಮ್ ಇರಬೇಕು ಸಾರ್, ನಮ್ಮಲ್ಲಿ ಚೆನ್ನಾಗಿ ಓಡ್ತಿದೆ” ಎಂದರು. ಓಡದೆ ಏನು, ಅವರಲ್ಲಿ ವಿಷುಯಲ್ ಸ್ಟುಡಿಯೊ ಇದೆಯಲ್ಲ. ಡೀಬಗ್ ಪ್ರತಿ ಎಂದರೆ ಯಾವುದು ಎಂದು ವಿವರಿಸಿದೆ, ನಂಬಲಿಲ್ಲ. ಡಂಪ್‌ಬಿನ್ ತೋರಿಸಿದ ಆ ಸಾಲಿನ ಫೋಟೊ ಹಿಡಿದು, ಗೇಟಿನಾಚೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಕಳಿಸಿದೆ. ವಾಚ್‌ಮನ್ ನನ್ನ ಜೊತೆ ದಿಬ್ಬಕ್ಕೆ ಬಂದು ನಿಂತು, ಫೋಟೊ ಹೋಯಿತೇ ಎಂದು ಕೇಳಿ, ಹೋಯಿತು ಎಂದ ಮೇಲೆ “ನಮ್ಮ ಗುತ್ತಿಗೆ ದುಡ್ಡೂ ಹಿಂಗೇ ಸಾರ್. ಕಾಗದದಾಗ ಏನೈತೆ ಅಂತ ತೋರ್ಸಿದ್ರೇನೇ ಬ್ಯಾಂಕ್ನೋರು ಮಾತಾಡ್ತಾರೆ” ಎಂದರು. ಕೆಲವು ದಿನಗಳ ಮೇಲೆ ರಿಲೀಸ್ ಪ್ರತಿ ಮೇಲ್‌ನಲ್ಲಿ ಬಂತು, ಜೊತೆಗೆ ಒಂದು ಮಾತೂ ಇಲ್ಲ. ಉಪಾಯಗಳನ್ನೆಲ್ಲ ಅಳಿಸಿ ಬಿಲ್ಡ್ ಮಾಡಿದೆ. ಓಡಿತು. ಮೊದಲ ವಾರದಲ್ಲೇ ಒಂದು ಬ್ಲಾಕಿನ ಪಿಆರ್ ಇಳಿದದ್ದು ಕಂಡು, ಹೋಗಿ ನೋಡಿದರೆ ಪ್ಯಾನೆಲ್ ತೊಳೆಯುವ ಟ್ಯಾಂಕರ್ ಆ ಕಡೆ ಹೋಗಿಯೇ ಇರಲಿಲ್ಲ.

ಆಮೇಲೆ ಬೆಂಗಳೂರಿನಲ್ಲಿ ಲಿನಕ್ಸ್ ಮೇಲೆ ಇಂಥದೇ ಕೆಲಸ ಮಾಡಿದೆ. ಅಲ್ಲಿ ಹೆಡರು ಯಾವ ಲೈಬ್ರರಿಯನ್ನೂ ಕರೆಯುವುದಿಲ್ಲ. ತೊಂದರೆ ಇಲ್ಲವೆಂದಲ್ಲ, ಬೇರೆ ಕಡೆ ಇದೆ. ಖಾಲಿ ಜಾಗ ತುಂಬದಿದ್ದರೂ ಎಕ್ಸ್‌ಟೆನ್ಶನ್ ಸದ್ದಿಲ್ಲದೆ ಲಿಂಕ್ ಆಗುತ್ತದೆ, ಇಂಪೋರ್ಟ್ ಮಾಡಿದಾಗ ಗೊತ್ತಾಗುತ್ತದೆ. ಪೈಥಾನಿನ ಫಂಕ್ಷನ್‌ಗಳು ಓಡುತ್ತಿರುವ ಪೈಥಾನಿನಲ್ಲೇ ಇರುತ್ತವಾದ್ದರಿಂದ, 2019ರ ಪೈಥಾನ್ 3.8ರಿಂದ ಲಿನಕ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ಗಳನ್ನು ಪೈಥಾನ್ ಲೈಬ್ರರಿಗೆ ಲಿಂಕ್ ಮಾಡುವುದನ್ನೇ ನಿಲ್ಲಿಸಿದರು. ನನಗೆ ಅದು ಸರಿಯೆನಿಸಿತು. ವಿಂಡೋಸ್‌ನಲ್ಲಿ ಡಿಎಲ್‌ಎಲ್‌ನ ಹೆಸರು ಲಿಂಕ್ ಮಾಡುವಾಗಲೇ ನಮೂದಾಗಬೇಕು, ಅಲ್ಲಿ ಹಾಗೆ ಬಿಡಲು ಬರುವುದಿಲ್ಲ. ನಮೂದಾಗಲಿ, ಆದರೆ ನಮೂದಿಸುವವನು ನಾನಾಗಿರಲಿ ಎಂಬುದು ನನ್ನ ಹಟ. ಸಿ++ನವರ ಬೂಸ್ಟ್ ಕೂಡ ಇಂಥದೇ ಸ್ವಯಂಚಾಲಿತ ಲಿಂಕಿಂಗ್ ಇಟ್ಟಿದೆ, ಆದರೆ ಬೇಡದವರಿಗೆ ನಿಲ್ಲಿಸುವ ಒಂದು ಮ್ಯಾಕ್ರೊ ಬಹಳ ಹಿಂದೆಯೇ ಕೊಟ್ಟಿತ್ತು. ಪೈಥಾನಿನಲ್ಲಿ ಅದಿರಲಿಲ್ಲ.

2024ರ ಪೈಥಾನ್ 3.13ರಲ್ಲಿ ಹೆಸರಿಗೆ ಇನ್ನೊಂದು ಬಾಲ ಬಂತು. ಹಲವು ಥ್ರೆಡ್‌ಗಳು ನಿಜವಾಗಿಯೂ ಒಟ್ಟಿಗೆ ಓಡುವ ಪ್ರಾಯೋಗಿಕ ಪೈಥಾನ್‌ಗೆ ಪೈಥಾನ್313ಟಿ.ಲಿಬ್. ವಿಂಡೋಸ್‌ನಲ್ಲಿ ಅದಕ್ಕೂ ಮಾಮೂಲಿಗೂ ಹೆಡರ್ ಒಂದೇ. ಯಾವುದಕ್ಕೆ ಬಿಲ್ಡ್ ಮಾಡುತ್ತಿದ್ದೇವೆಂದು ಒಂದು ಗುರುತು ನಾವೇ ಕೊಡಬೇಕು. ಕೊಡದಿದ್ದರೆ ಹೆಡರ್ ಬಾಲವಿಲ್ಲದ್ದನ್ನು ಕರೆದುಕೊಳ್ಳುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಈ ಗೊಂದಲದಲ್ಲಿ ಸಿಕ್ಕಿ “ಸರ್, ನಾನು ಇದನ್ನ ಎಲ್ಲೂ ಬರ್ದೇ ಇಲ್ಲ” ಎಂದು ಬಂದಾಗ ಡಂಪ್‌ಬಿನ್‌ನ ಕಮಾಂಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

2025ರ ಅಕ್ಟೋಬರಿನಲ್ಲಿ ಬಂದ 3.14ರಲ್ಲಿ ಕೊನೆಗೂ ಪೈ_ನೋ_ಲಿಂಕ್_ಲಿಬ್ ಎಂಬ ಮ್ಯಾಕ್ರೊ ಸೇರಿಸಿದ್ದಾರೆ. ಅದನ್ನು ಕೊಟ್ಟರೆ ಹೆಡರ್ ಯಾವ ಲೈಬ್ರರಿಯನ್ನೂ ತಾನಾಗಿ ಕರೆಯುವುದಿಲ್ಲ. ಅವಳೇ ನಮ್ಮ ಪ್ರಾಜೆಕ್ಟಿಗೆ ಹಾಕಿ ನೋಡಿದಳು. ಲಿಂಕರ್ ಕೂಡಲೇ ಪೈಆರ್ಗ್_ಪಾರ್ಸ್‌ಟ್ಯೂಪಲ್ ಸಿಗುತ್ತಿಲ್ಲ, ಪೈಮಾಡ್ಯೂಲ್_ಕ್ರಿಯೇಟ್2 ಸಿಗುತ್ತಿಲ್ಲ ಎಂದು ಉದ್ದ ಪಟ್ಟಿ ಕೊಟ್ಟಿತು. ಬಿಲ್ಡ್ ಫೈಲಿನಲ್ಲಿ ಪೈಥಾನ್314.ಲಿಬ್ ಎಂದು ಒಂದು ಸಾಲು ಸೇರಿಸಿ, “ಈಗ ಯಾವ್ದು ಬೇಕೂಂತ ನಾವೇ ಹೇಳಿದೀವಿ ಸರ್” ಎಂದು ಮತ್ತೆ ಬಿಲ್ಡ್ ಒತ್ತಿದಳು.